ಆರೂ ಇಪ್ಪತ್ತರ ಭೋಂಗಾ

ನಮ್ಮೂರಿನ ಕೂಸುಗಳು ಸಂಜೆ ನಾಲ್ಕಕ್ಕೆ ಅಳಲು ಶುರು ಮಾಡಿ ಏಳಕ್ಕೆ ನಿಲ್ಲಿಸುತ್ತವೆ. ಎಲ್ಲ ಕೂಸುಗಳೂ, ಒಟ್ಟಿಗೇ. ಹುಟ್ಟಿದ ಹದಿನೈದನೇ ದಿನಕ್ಕೆ ಶುರುವಾದರೆ ನಾಲ್ಕು ತಿಂಗಳು ತುಂಬುವವರೆಗೆ ಒಂದು ದಿನವೂ ತಪ್ಪುವುದಿಲ್ಲ. ಹೊಟ್ಟೆ ತುಂಬಿರಲಿ, ಬಟ್ಟೆ ಒಣಗಿರಲಿ, ಅಪ್ಪ ಶ್ರೀಮಂತನಿರಲಿ, ನಾಲ್ಕು ಹೊಡೆಯಿತೆಂದರೆ ಬಾಯಿ ತೆರೆಯಲೇಬೇಕು. ಹೊರಗಿನವರು ಬಂದು ಯಾಕೆ ಹೀಗೆ ಎಂದು ಕೇಳುತ್ತಾರೆ. ಯಾಕೆ ಎಂದರೆ ಏನು ಹೇಳುವುದು? ನಿಮ್ಮೂರಲ್ಲಿ ಸಂಜೆಯಾದರೆ ಸೊಳ್ಳೆ ಯಾಕೆ ಬರುತ್ತವೆ ಎಂದು ನಾವು ಎಂದಾದರೂ ಕೇಳಿದ್ದೇವೆಯೇ?

ನಾವು ಹೊಂದಿಕೊಂಡಿದ್ದೇವೆ. ಕನ್ಯೆ ನೋಡುವ ಶಾಸ್ತ್ರ ಮೂರೂವರೆಗೇ ಮುಗಿಸುತ್ತೇವೆ, ಇಲ್ಲದಿದ್ದರೆ ಗಂಡಿನವರು ಮದುವೆಯ ಮನಸ್ಸನ್ನೇ ಬಿಟ್ಟು ಎದ್ದು ಹೋಗುತ್ತಾರೆ. ಕೋರ್ಟಿನಲ್ಲಿ ನಾಲ್ಕರ ಮೇಲೆ ಸಾಕ್ಷಿ ಕೇಳುವುದಿಲ್ಲ. ಊರಿನಲ್ಲಿ ಎಲ್ಲಕ್ಕಿಂತ ದೊಡ್ಡ ಮನೆ ಹತ್ತಿ ಮಾರುವವರದು, ಅದೂ ಹಾಸಿಗೆಯ ಹತ್ತಿಯಲ್ಲ, ಕಿವಿಗೆ ತುರುಕಿಕೊಳ್ಳುವ ಹತ್ತಿ. ಇನ್ನು ಕೂಸಿನ ಔಷಧದ ಅಂಗಡಿಗಳು ಓಣಿಗೆ ಎರಡರಂತೆ ಇವೆ. ಬಜೆ ತೇಯ್ದು ಕೊಡುವವರು, ದೃಷ್ಟಿ ತೆಗೆಯುವವರು, ತಾಯತ ಕಟ್ಟುವವರು ಬೇರೆ. ಎಲ್ಲ ಬಾಟಲಿಗಳ ಮೇಲೂ ಒಂದೇ ಮಾತು ಅಚ್ಚಾಗಿರುತ್ತದೆ: ಸರಿಯಾಗಿ ಆರೂ ಮುಕ್ಕಾಲಿಗೆ ಕುಡಿಸಿರಿ, ಹದಿನೈದು ನಿಮಿಷದಲ್ಲಿ ಗುಣ ಕಾಣದಿದ್ದರೆ ಹಣ ವಾಪಸ್. ಇಷ್ಟು ವರ್ಷಗಳಲ್ಲಿ ಹಣ ವಾಪಸ್ ಕೇಳಿದವರು ಒಬ್ಬರೂ ಇಲ್ಲ.

ಆದರೆ ಇವರೆಲ್ಲರಿಗಿಂತ ದೊಡ್ಡ ವೈದ್ಯ ನಾನು. ನನ್ನ ಹೆಸರು ಅಡಿವೆಪ್ಪ. ಪುರಸಭೆಯ ನೀರಿನ ಟ್ಯಾಂಕಿನ ಮೇಲೆ ಒಂದು ಸೈರನ್ ಇದೆ, ನಾವು ಅದನ್ನು ಭೋಂಗಾ ಎನ್ನುತ್ತೇವೆ. ದಿನಾ ಏಳಕ್ಕೆ ಅದನ್ನು ಕೂಗಿಸುವುದು ನನ್ನ ಕೆಲಸ. ಭೋಂಗಾ ಕೂಗುತ್ತದೆ, ಊರಿನ ಕೂಸುಗಳೆಲ್ಲ ಗಪ್ಪಾಗುತ್ತವೆ. ಇಪ್ಪತ್ತಾರು ವರ್ಷಗಳಿಂದ ಊರು ಇದನ್ನು ಕಣ್ಣಾರೆ ಕಂಡಿದೆ. ಬಾಣಂತಿಯರು ನನ್ನನ್ನು ಕಂಡರೆ ಸೆರಗು ಸರಿ ಮಾಡಿಕೊಂಡು ಕೈ ಮುಗಿಯುತ್ತಾರೆ. ತೊಟ್ಟಿಲ ಶಾಸ್ತ್ರದ ಮೊದಲ ಎಲೆ ನನ್ನದೇ. ಹೋಳಿಗೆ ತಿಂದು ತಿಂದು ನನ್ನ ಹೊಟ್ಟೆ ಹೀಗಾಗಿದೆ.

ಒಂದು ಸಂಗತಿಯನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ಮೂರನೇ ವರ್ಷ ಒಂದು ದಿನ ಟ್ಯಾಂಕಿನ ಮೆಟ್ಟಿಲಲ್ಲಿ ನನ್ನ ಕಾಲು ಉಳುಕಿ ಅಲ್ಲೇ ಕೂತುಬಿಟ್ಟಿದ್ದೆ. ಏಳು ಹೊಡೆಯಿತು. ಭೋಂಗಾ ಕೂಗಲಿಲ್ಲ. ಕೂಸುಗಳು ಮಾತ್ರ ದಿನದಂತೆ ಒಟ್ಟಿಗೇ ಸುಮ್ಮನಾದವು. ನಾನು ಕುಂಟುತ್ತ ಹತ್ತಿ ಏಳೂ ಹತ್ತಕ್ಕೆ ಕೂಗಿಸಿದೆ. ಮರುದಿನ ಇಡೀ ಊರು ಹೇಳಿತು: ನಿನ್ನೆ ಗಡಿಯಾರಗಳೆಲ್ಲ ಹತ್ತು ನಿಮಿಷ ಮುಂದೆ ಓಡಿದ್ದವಂತೆ. ನಾನೂ ಹೂಂ ಅಂದೆ. ಇಂಥ ಊರಿನಲ್ಲಿ ಸತ್ಯ ಹೇಳಿ ಹೋಳಿಗೆ ಕಳೆದುಕೊಳ್ಳುವವನು ನಾನಲ್ಲ.

ಏಳರವರೆಗೆ ಕಾಯದೆ ಸುಮ್ಮನಾಗುವ ಕೂಸುಗಳೂ ಕೆಲವು ಇದ್ದವು. ಅಂಥ ಮನೆಗೆ ಪುರಸಭೆ ‘ಶಾಂತ ಮನೆ’ ಎಂಬ ತಗಡಿನ ಫಲಕ ಕೊಡುತ್ತಿತ್ತು. ಕೂಸು ಹೇಗೆ ಸುಮ್ಮನಾಯಿತು ಎಂದು ಯಾರೂ ಕೇಳುತ್ತಿರಲಿಲ್ಲ, ಯಾಕೆಂದರೆ ಎಲ್ಲರಿಗೂ ಗೊತ್ತಿತ್ತು. ಝಾಡಿಸುವುದು. ಕೂಸಿನ ಎರಡೂ ಕಂಕುಳಲ್ಲಿ ಕೈ ಹಾಕಿ, ಎದುರಿಗೆ ಎತ್ತಿ ಹಿಡಿದು, ನಾಲ್ಕು ಸಲ ಜೋರಾಗಿ ಅಲ್ಲಾಡಿಸುವುದು. ತಲೆ ಹಿಂದೆ ಮುಂದೆ ಹೋಗಿ ಬರುತ್ತದೆ, ಅಳು ಕಟ್ ಆಗುತ್ತದೆ. ಫಲಕ ಬಂದ ಮನೆಯ ಮಕ್ಕಳು ಬೆಳೆಯುವುದನ್ನೂ ನಾವು ನೋಡಿದ್ದೇವೆ. ಒಂದು ವರ್ಷವಾದರೂ ಕುತ್ತಿಗೆ ನಿಲ್ಲದವರು, ಬಣ್ಣದ ಗಿಲಕಿ ಹಿಡಿದರೂ ಅತ್ತ ನೋಡದವರು, ಮೂರ್ಛೆ ಬಂದು ಬಂದು ಬೀಳುವವರು. ‘ಎಷ್ಟು ಸಾಧು ಕೂಸು’ ಎಂದು ಊರು ಮೆಚ್ಚುತ್ತಿತ್ತು. ಕೆಲವು ಕೂಸುಗಳು ಮೆಚ್ಚುಗೆ ಕೇಳುವಷ್ಟು ದಿನವೂ ಉಳಿಯಲಿಲ್ಲ. ಅವಕ್ಕೆ ದೇವರ ಕರೆ ಬಂತು ಎಂದೆವು. ಫಲಕಕ್ಕೂ ಕರೆಗೂ ಸಂಬಂಧವಿರಬಹುದು ಎಂಬ ಅನುಮಾನ ಪುರಸಭೆಯ ಯಾವ ಸಭೆಯಲ್ಲೂ ಚರ್ಚೆಗೆ ಬರಲಿಲ್ಲ.

ಇಂಥ ಊರಿಗೆ ಎಸ್ತರ್ ಎಂಬ ನರ್ಸು ವರ್ಗವಾಗಿ ಬಂದರು. ಐವತ್ತರ ಹತ್ತಿರದ ಹೆಂಗಸು, ಗಟ್ಟಿ ದನಿ, ಕಾಲಿಗೆ ಗಂಡಸರ ಚಪ್ಪಲಿ. ಬಂದ ವಾರದಲ್ಲೇ ಮಾರ್ಕೆಟ್ಟಿನ ಕಟ್ಟೆಯ ಮೇಲೆ ತಾಯಿ ತಂದೆಯರಿಗೆ ಪಾಠ ಇಟ್ಟರು. ಅವರು ತಂದದ್ದು ಒಂದು ಗಾಜಿನ ಭರಣಿ, ಅದರ ತುಂಬ ಗಟ್ಟಿ ಮೊಸರು. ಎಲ್ಲರಿಗೂ ತೋರಿಸಿ, ಮುಚ್ಚಳ ಬಿಗಿ ಮಾಡಿ, ಎರಡೂ ಕೈಯಿಂದ ನಾಲ್ಕು ಸಲ ಝಾಡಿಸಿದರು. ಮೊಸರು ಒಡೆದು ನೀರು ಬಿಟ್ಟಿತು.

“ಕೂಸಿನ ಮಿದುಳು ಈ ಮೊಸರಿನಕಿಂತ ಮೆತ್ತಗಿರತೈತಿ,” ಅಂದರು. “ತಲಿ ಭಾರ, ಕುತ್ತಿಗ್ಯಾಗ ಬಲ ಇಲ್ಲ. ನೀವು ಝಾಡಿಸಿದ್ರ ಮಿದುಳು ಒಳಗ ಬುರುಡಿಗೆ ಬಡೀತೈತಿ, ರಕ್ತನಾಳ ಹರೀತಾವ. ಕಣ್ಣಾಗ ಸೈತ ರಕ್ತ ಬರತೈತಿ. ಮ್ಯಾಲೆ ಒಂದು ಗಾಯ ಕಾಣೂದಿಲ್ಲ. ಕೂಸು ಸುಮ್ಮಾತು ಅಂತೀರಲ್ಲ, ಅದು ಸಮಾಧಾನ ಆಗಿ ಸುಮ್ಮಾಗಿದ್ದಲ್ಲ, ಎಚ್ಚರ ತಪ್ಪಿ ಸುಮ್ಮಾಗಿದ್ದು. ಈಗ ಈ ಮೊಸರು ಮೊದಲಿನಂಗ ಮಾಡಿ ಕೊಡ್ರಿ ನೋಡೂಣು?”

ಜನ ಗಂಭೀರವಾಗಿ ತಲೆ ಆಡಿಸಿದರು. ಹಿರಿಯರೊಬ್ಬರು ಎದ್ದು ಕೇಳಿದರು: “ಬಾಯಾರ, ಮೊಸರು ಎಮ್ಮೀದೋ ಆಕಳದೋ?”

“ಯಾವುದಾದ್ರ ಏನ್ರಿ?”

“ಎಮ್ಮೀದಾದ್ರ ಇಷ್ಟ ಲಗೂನ ಒಡೀತಿರಲಿಲ್ಲ.”

ಆ ದಿನದ ಚರ್ಚೆ ಪೂರ್ತಿ ಹಾಲಿನ ಗುಣಮಟ್ಟದ ಮೇಲೆ ನಡೆಯಿತು. ಕಟ್ಟೆಯ ಕೆಳಗೆ ನಿಂತಿದ್ದ ನಾನೂ ನನ್ನ ಪಾಲು ಸೇರಿಸಿದೆ: “ಮಜ್ಜಿಗಿ ಮಾಡೂದು ಕಲಸಾಕ ಸರಕಾರ ನರ್ಸಬಾಯಾರನ್ನ ಕಳಸೇತಿ.” ಎಲ್ಲರೂ ನಕ್ಕರು. ಎಸ್ತರ್ ಬಾಯಾರು ನಗಲಿಲ್ಲ. ಜನ ಚದುರಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

“ಅಡಿವೆಪ್ಪನಾರ, ಖರೇ ಹೇಳ್ರಿ. ನಿಮ್ಮ ಭೋಂಗಾ ಕೂಗದಿದ್ರೂ ಕೂಸುಗಳು ಏಳಕ್ಕ ಸುಮ್ಮಾಗ್ತಾವಲ್ಲ?”

ನಾನು ಟ್ಯಾಂಕಿನ ಕಡೆ ನೋಡಿದೆ.

“ನೀವು ಹೇಳಬ್ಯಾಡ್ರಿ ಬಿಡ್ರಿ. ಒಂದ ಮಾತು ನಡಸ್ರಿ. ಏಳಕ್ಕಿಂತ ಮೊದಲ ಯಾವತ್ತೂ ಕೂಗಿಸಬ್ಯಾಡ್ರಿ. ಭೋಂಗಾ ಕೂಗಿದ ಮ್ಯಾಲೂ ಕೂಸು ಅಳಾಕತ್ರ ತಾಯಿ ತಂದಿ ಎದಿ ಒಡಕೋತಾರ. ನಮ್ಮ ಕೂಸಿಗೇ ಏನೋ ಆಗೇತಿ ಅಂತ ಸುಮ್ಮ ಮಾಡಸಾಕ ಏನ್ ಬೇಕಾದ್ದು ಮಾಡ್ತಾರ.”

ನನ್ನ ಕೆಲಸ ನನಗೆ ಕಲಿಸಲು ಬಂದರಲ್ಲ ಎಂದು ಸಿಟ್ಟು ಬಂತು. ಹೂಂ ಅಂದು ಬಂದೆ.

ಅದೇ ತಿಂಗಳು ನನ್ನ ಮಗಳು ಕಸ್ತೂರಿ ನಮ್ಮ ಮನೆಯಲ್ಲೇ ಹಡೆದಳು. ಹೆಣ್ಣು ಕೂಸು. ನನ್ನ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಅವಳ ಹೆಸರನ್ನೇ ಇಟ್ಟೆವು, ನೀಲವ್ವ. ತೊಟ್ಟಿಲಿನತ್ತ ಬಾಗಿ ಆ ಹೆಸರು ಹಿಡಿದು ಮೂರು ಸಲ ಕರೆದೆ. ಅಳಿಯ ಫಕೀರೇಶ ನಮ್ಮೂರಿನ ಬೇಕರಿಯಲ್ಲೇ ಕೆಲಸ ಮಾಡುವವನು, ಖಾರಿ ಬಿಸ್ಕಿಟ್ಟಿನ ಕೈ ಅವನದು. ಬೆಳಗಿನ ಜಾವ ಮೂರಕ್ಕೆ ಭಟ್ಟಿ ಹೊತ್ತಿಸಿ ಮಧ್ಯಾಹ್ನ ನಮ್ಮ ಮನೆಗೇ ಬರುತ್ತಿದ್ದ, ಉಂಡು ಕಣ್ಣು ಮುಚ್ಚುವಷ್ಟರಲ್ಲಿ ನಾಲ್ಕಾಗುತ್ತಿತ್ತು. ಇರುವೆಯನ್ನು ಕೂಡ ಊದಿ ಸರಿಸುವ ಸ್ವಭಾವ. ಕೂಸಿನ ಉಗುರು ಕತ್ತರಿಸಲು ಹೆದರಿ ಹಲ್ಲಿನಿಂದ ನಿಧಾನವಾಗಿ ಕಚ್ಚಿ ತೆಗೆಯುತ್ತಿದ್ದ.

ಕಸ್ತೂರಿ ನರ್ಸಬಾಯಿಯ ವಾರವಾರದ ಪಾಠಗಳಿಗೆ ಒಂದನ್ನೂ ಬಿಡದೆ ಹೋದಳು. ಬಂದು ಅದರಂತೆಯೇ ನಡೆದಳು. ಕೂಸಿಗೆ ಹಾಲಾಯಿತೇ, ಬಟ್ಟೆ ಒದ್ದೆಯೇ, ಮೈ ಬಿಸಿಯೇ, ಇರುವೆ ಕಚ್ಚಿದೆಯೇ ಎಂದು ನೋಡುವಳು. ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ತಿರುಗುವಳು. ಆಮೇಲೂ ಅಳು ನಿಲ್ಲದೆ ತನಗೇ ತಲೆ ಕೆಡುತ್ತಿದೆ ಅನ್ನಿಸಿದರೆ ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಬಾಗಿಲು ಮುಂದೆ ಮಾಡಿ, ಹೊರಗೆ ಕಟ್ಟೆಯ ಮೇಲೆ ಒಂದು ತಂಬಿಗೆ ನೀರು ಇಟ್ಟುಕೊಂಡು ಕೂರುವಳು. ಐದು ನಿಮಿಷಕ್ಕೊಮ್ಮೆ ಎದ್ದು ಹೋಗಿ ನೋಡಿ ಬರುವಳು. ಓಣಿಯ ಹೆಂಗಸರು ನಿಂತು ನೋಡಿದರು. ಭೋಂಗಾ ಅಡಿವೆಪ್ಪನ ಮಗಳು ಕೂಸನ್ನು ಒಳಗೆ ಅಳಲು ಬಿಟ್ಟು ಹೊರಗೆ ಗಾಳಿ ತಗೊಳ್ಳುತ್ತಿದ್ದಾಳೆ! ನನಗೆ ತಲೆ ಎತ್ತಿ ನಡೆಯಲಾಗದಂತಾಯಿತು.

“ಮಂದಿ ಏನ ಅಂದಾರವ್ವಾ?” ಅಂದೆ.

“ಅಂದ್ರ ಅನ್ನಲಿ ಯಪ್ಪಾ. ಅತ್ರ ಕೂಸು ಸಾಯೂದಿಲ್ಲ, ಝಾಡಿಸಿದ್ರ ಸಾಯತೈತಿ. ಬಾಯಾರು ಹೇಳ್ಯಾರ.”

ಅವಳ ಮುಂದೆ ನನ್ನ ಆಟ ನಡೆಯುವುದಿಲ್ಲ. ಆದರೆ ಫಕೀರೇಶ ಪಾಠಕ್ಕೆ ಹೋದವನಲ್ಲ, ಆ ಹೊತ್ತಿಗೆ ಅವನು ಭಟ್ಟಿಯ ಮುಂದೆ ಇರುತ್ತಿದ್ದ. ಒಂದು ಸಂಜೆ ನಿದ್ದೆಗೆಟ್ಟ ಕೆಂಪು ಕಣ್ಣಿನಲ್ಲಿ ನನ್ನ ಪಕ್ಕ ಕೂತು ಕೇಳಿದ: “ನಿಮ್ಮ ಕಾಲದಾಗ ಏನ್ ಮಾಡ್ತಿದ್ರಿ ಮಾವಾರ?”

“ಏನ್ ಮಾಡೂದು? ಝಾಡಸ್ತಿದ್ವಿ. ಕಸ್ತೂರಿನ್ನೂ ಝಾಡಿಸೇನಿ. ಏನಾಗೇತಿ ಅಕಿಗೆ? ಕುದುರಿ ಹಂಗ ಅದಾಳ.”

ಇದು ಶುದ್ಧ ಸುಳ್ಳು. ನನ್ನ ಹೆಂಡತಿ ನಾಲ್ಕರಿಂದ ಏಳರವರೆಗೆ ಕಸ್ತೂರಿಯನ್ನು ನನ್ನ ಕೈಗೆ ಕೊಟ್ಟವಳೇ ಅಲ್ಲ. ಕೊಡು ಎಂದು ನಾನೂ ಕೇಳಿದವನಲ್ಲ, ಟ್ಯಾಂಕಿನ ಕೆಳಗೆ ಚಹಾ ಕುಡಿಯುತ್ತ ಕೂತಿರುತ್ತಿದ್ದೆ. ಆದರೆ ಅಳಿಯನ ಮುಂದೆ ಅನುಭವಸ್ಥನಂತೆ ಮಾತಾಡುವ ಸುಖವೇ ಬೇರೆ. ಫಕೀರೇಶ ತನ್ನ ಎರಡೂ ಕೈ ನೋಡಿಕೊಂಡ.

ಕೂಸಿಗೆ ಎರಡು ತಿಂಗಳು ತುಂಬಿದ ವಾರ ಪುರಸಭೆಗೆ ಒಂದು ಪ್ರಶಸ್ತಿ ಬಂತು, ‘ಪ್ರಶಾಂತ ಪಟ್ಟಣ’ ಅಂತ. ರಾಜಧಾನಿಯಿಂದ ದೊಡ್ಡ ಅಧಿಕಾರಿ ತಾವೇ ಬಂದು ಕೊಡುತ್ತಾರಂತೆ. ಸಮಾರಂಭ ಮಧ್ಯಾಹ್ನ ಎರಡಕ್ಕೆ ಎಂದು ಗೊತ್ತಾಗಿತ್ತು. ಆದರೆ ಆ ದಿನ ಅವರು ದಾರಿಯಲ್ಲಿ ಊಟಕ್ಕೆ ನಿಂತು, ಆಮೇಲೆ ಊಟದ ನಿದ್ದೆಗೆ ನಿಂತು, ಆರೂವರೆಗೆ ತಲುಪುವುದಾಗಿ ಫೋನ್ ಮಾಡಿಸಿದರು. ಏಳಕ್ಕೆ ಅವರಿಗೆ ಮುಂದಿನ ಊರಿನಲ್ಲಿ ಇನ್ನೊಂದು ಪ್ರಶಸ್ತಿ ಕೊಡುವುದಿತ್ತು. ನಮ್ಮ ಅಧ್ಯಕ್ಷ ದೇಸಾಯರು ಬೆವರು ಒರೆಸಿಕೊಳ್ಳುತ್ತ ಟ್ಯಾಂಕಿನ ಕೆಳಗೆ ಬಂದರು. ಎಲ್ಲ ಓಣಿಗಳಿಂದ ಅಳು ಕಿವಿಗೆ ರಾಚುತ್ತಿತ್ತು.

“ಅಡಿವೆಪ್ಪಾ, ಆರೂ ಇಪ್ಪತ್ತಕ್ಕ ಕೂಗಿಸಿಬಿಡು. ಸಾಹೇಬ್ರು ಕಾರ್ ಇಳಿಯೂದ್ರಾಗ ಊರು ತಣ್ಣಗಿರಬೇಕು.”

ಎಸ್ತರ್ ಬಾಯಾರ ಮಾತು ನೆನಪಾಯಿತು. ಉಳುಕಿದ ಕಾಲೂ ನೆನಪಾಯಿತು. ಭೋಂಗಾದಿಂದ ಏನೂ ಆಗುವುದಿಲ್ಲ ಎಂದು ಈ ಊರಿನಲ್ಲಿ ಖಚಿತವಾಗಿ ಗೊತ್ತಿದ್ದವನು ನಾನೊಬ್ಬನೇ. ಹೇಳಬಹುದಿತ್ತು. ಹೇಳಿದರೆ ಇಪ್ಪತ್ತಾರು ವರ್ಷದ ಮರ್ಯಾದೆ ಹೋಗುತ್ತಿತ್ತು.

“ಆಗಲಿ ಸಾಹೇಬ್ರ,” ಅಂದೆ.

ಅಷ್ಟೇ ಅಲ್ಲ. ಅಧಿಕಾರಿಗೆ ಆರತಿ ಎತ್ತಲು ಐದು ಜನ ಮುತ್ತೈದೆಯರು ಬೇಕಿತ್ತು. ಭೋಂಗಾದವನ ಮಗಳು ಮುಂದೆ ನಿಂತರೆ ಶೋಭೆ ಎಂದು ನಾನೇ ಕಸ್ತೂರಿಯನ್ನು ಒಪ್ಪಿಸಿದ್ದೆ. “ಕೂಸು ಅಳೂ ಹೊತ್ತಿನ್ಯಾಗ ನಾ ಬರೂದಿಲ್ಲ ಯಪ್ಪಾ,” ಅಂದಿದ್ದಳು. “ಫಕೀರೇಶ ಇಲ್ಲೇನು? ಒಂದು ತಾಸು ತಂದಿ ಹಿಡಕೊಂಡ್ರ ಕೂಸು ಕರಗೂದಿಲ್ಲ,” ಎಂದು ಗದರಿ ಕರೆತಂದಿದ್ದೆ.

ಆರೂ ಇಪ್ಪತ್ತಕ್ಕೆ ಸರಿಯಾಗಿ ಕೂಗಿಸಿದೆ. ಭೋಂಗಾದ ದನಿ ಊರಿನ ನಾಲ್ಕು ದಿಕ್ಕಿಗೂ ಹೋಯಿತು. ಅದು ನಿಂತ ಮೇಲೆ ಅಳು ಇನ್ನೂ ಸ್ಪಷ್ಟವಾಗಿ ಕೇಳಿಸಿತು.

ಟ್ಯಾಂಕಿನ ಮೇಲಿನಿಂದ ಊರು ಅಂಗೈಯಂತೆ ಕಾಣುತ್ತದೆ. ಮೊದಲು ಕಿಟಕಿಗಳು ಮುಚ್ಚಿಕೊಂಡವು. ಭೋಂಗಾ ಆದ ಮೇಲೂ ತಮ್ಮ ಕೂಸು ಅಳುವುದು ಪಕ್ಕದ ಮನೆಗೆ ಗೊತ್ತಾಗಬಾರದಲ್ಲ! ಎಲ್ಲರೂ ಕಿಟಕಿ ಮುಚ್ಚಿದ್ದರಿಂದ, ಅಳುತ್ತಿರುವುದು ತಮ್ಮದೊಂದೇ ಕೂಸು ಎಂದು ಎಲ್ಲರಿಗೂ ಅನ್ನಿಸಿತು. ಆಮೇಲೆ ಬಾಗಿಲುಗಳು ಮುಚ್ಚಿದವು. ಕೆಲವು ಮನೆಗಳಿಂದ ಗಂಡಸರ ಗದರಿಕೆ, ಹೆಂಗಸರ ಅಳು. ಕೆಳಗೆ ಮಾರ್ಕೆಟ್ಟಿನ ವೇದಿಕೆಯ ಮೇಲೆ ದೇಸಾಯರು ಮೈಕಿನ ಮುಂದೆ ನಿಂತು, ಅಳುವಿಗಿಂತ ಜೋರಾಗಿ, ನಮ್ಮ ಊರಿನ ಶಾಂತಿಯನ್ನು ಅಧಿಕಾರಿಗೆ ವರ್ಣಿಸುತ್ತಿದ್ದರು. ಅಧಿಕಾರಿ ಕಿವಿಗೆ ಹತ್ತಿ ಹಾಕಿಕೊಂಡು ಮುಗುಳ್ನಗುತ್ತಿದ್ದರು.

ವೇದಿಕೆಯ ಪಕ್ಕದಲ್ಲಿ ಎಸ್ತರ್ ಬಾಯಾರು ನಿಂತಿದ್ದರು. ತಲೆ ಎತ್ತಿ ನನ್ನನ್ನೇ ನೋಡಿದರು. ಟ್ಯಾಂಕಿನ ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ವೇದಿಕೆ ಹತ್ತಿ ದೇಸಾಯರ ಕೈಯಿಂದ ಮೈಕು ಕಿತ್ತುಕೊಂಡೆ.

“ಕೇಳ್ರಿ, ನಾ ಅಡಿವೆಪ್ಪ! ಭೋಂಗಾ ಮೊದಲ ಕೂಗಿಸೇನಿ. ಇನ್ನೂ ಏಳಾಗಿಲ್ಲ. ನಿಮ್ಮ ಕೂಸಿಗೆ ಏನೂ ಆಗಿಲ್ಲ, ಎಲ್ಲಾರ ಕೂಸೂ ಅಳಾಕತ್ತಾವ. ಭೋಂಗಾದಿಂದ ಯಾವ ಕೂಸೂ ಯಾವತ್ತೂ ಸುಮ್ಮಾಗಿಲ್ಲ. ಝಾಡಿಸಬ್ಯಾಡ್ರಿ! ತೊಟ್ಟಿಲದಾಗ ಹಾಕಿ ಹೊರಗ ಬರ್ರಿ, ಹೊರಗ ಬಂದು ಕೂಡ್ರಿ!”

ಬಾಯಾರು ಮೈಕು ತೆಗೆದುಕೊಂಡು ಅದನ್ನೇ ತಮ್ಮ ಗಟ್ಟಿ ದನಿಯಲ್ಲಿ ಮತ್ತೆ ಮತ್ತೆ ಹೇಳಿದರು. ಮೊದಲು ಒಂದು ಬಾಗಿಲು ತೆರೆಯಿತು. ಒಬ್ಬಳು ಹುಡುಗಿ ಹೊರಗೆ ಬಂದು ಹೊಸ್ತಿಲ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡಳು. ಎದುರು ಮನೆಯವನು ಬಂದ. ಹತ್ತು ನಿಮಿಷದಲ್ಲಿ ಮಾರ್ಕೆಟ್ಟಿನ ಸುತ್ತಲಿನ ಕಟ್ಟೆಗಳ ಮೇಲೆಲ್ಲ ತಾಯಂದಿರು, ತಂದೆಯರು ಬರಿಗೈಯಲ್ಲಿ ಕೂತಿದ್ದರು. ಒಬ್ಬರ ಮುಖ ಒಬ್ಬರು ನೋಡಿದರು. ನಿಮ್ಮದೂ ಅಳುತ್ತಿದೆಯೇ? ನಮ್ಮದೂ. ಇಷ್ಟು ವರ್ಷದಲ್ಲಿ ಈ ಊರಿನವರು ಒಬ್ಬರಿಗೊಬ್ಬರು ಅದನ್ನು ಹೇಳಿಕೊಂಡಿದ್ದು ಅದೇ ಮೊದಲು. ನನಗೆ, ನಿಜ ಹೇಳುತ್ತೇನೆ, ಸ್ವಲ್ಪ ಹೆಮ್ಮೆಯೇ ಆಯಿತು. ಊರನ್ನು ಉಳಿಸಿದೆ ಅನ್ನಿಸಿತು.

ಕಸ್ತೂರಿ ಆರತಿ ತಟ್ಟೆ ಹಿಡಿದು ನನ್ನ ಮುಂದೆ ಬಂದು ನಿಂತಳು.

“ಯಪ್ಪಾ, ಗಾಣದ ಓಣಿಗೆ ಈ ಮೈಕು ಕೇಳಸತೈತೇನು?”

ಗಾಣದ ಓಣಿ ಊರ ತುದಿಯಲ್ಲಿದೆ. ನಮ್ಮ ಮನೆ ಅಲ್ಲಿ. ಭೋಂಗಾ ಅಲ್ಲಿಗೂ ಕೇಳುತ್ತದೆ, ಅದರಾಚೆಯ ಹೊಲಗಳಿಗೂ ಕೇಳುತ್ತದೆ. ಮೈಕಿನ ದನಿ ಮಾರ್ಕೆಟ್ಟು ದಾಟುವುದಿಲ್ಲ. ನಾನು ಉತ್ತರ ಕೊಡುವ ಮೊದಲೇ ಅವಳು ತಟ್ಟೆ ಬಿಸುಟು ಓಡತೊಡಗಿದ್ದಳು. ನಾನು ಹಿಂದೆ ಓಡಿದೆ, ಬಾಯಾರು ನನ್ನ ಹಿಂದೆ. ದಾರಿಯುದ್ದಕ್ಕೂ ಅಳು ಕೇಳುತ್ತಿತ್ತು. ಪ್ರತಿ ಮನೆಯ ಅಳು ಕೇಳಿದಾಗಲೂ, ದೇವರೇ, ಮುಂದಿನದೂ ಹೀಗೇ ಅಳುತ್ತಿರಲಿ ಎಂದುಕೊಂಡೆ.

ನಮ್ಮ ಮನೆ ನಿಶ್ಶಬ್ದವಾಗಿತ್ತು.

ಫಕೀರೇಶ ಬಾಗಿಲಲ್ಲೇ ನಿಂತಿದ್ದ. ನಮ್ಮನ್ನು ಕಂಡು ಅವನ ದಣಿದ ಮುಖ ಅರಳಿತು. ಒಳಗಿನ ಕೂಸು ಎದ್ದೀತೆಂದು ದನಿ ತಗ್ಗಿಸಿದ. “ನಿಮ್ಮ ಭೋಂಗಾ ಆದ ಮ್ಯಾಲೂ ಅಳಾಕತ್ತಿತ್ರಿ ಮಾವಾರ, ಬಾಳ ಅಂಜಿಕಿ ಆತು. ನೀವು ಹೇಳಿದಂಗ ಒಂದ ನಾಕ ಸಲ ಝಾಡಿಸಿದೆ. ಈಗ ನೋಡ್ರಿ, ಎಷ್ಟ ಚಂದ ಮಲಗೈತಿ.”

ಕಸ್ತೂರಿ ಅವನನ್ನು ತಳ್ಳಿಕೊಂಡು ಒಳಗೆ ಹೋದಳು. ಅವಳು ಎತ್ತಿಕೊಂಡಾಗ ಕೂಸಿನ ಕೈಗಳು ಎರಡೂ ಕಡೆ ಜೋತು ಬಿದ್ದವು. ಬಾಯಿ ಸ್ವಲ್ಪ ತೆರೆದಿತ್ತು, ತುಟಿಯ ಬಣ್ಣ ಸರಿಯಿರಲಿಲ್ಲ. ಬಾಯಾರು ಕಣ್ಣಿನ ರೆಪ್ಪೆ ಎತ್ತಿ ನೋಡಿ, ತಲೆ ಕುತ್ತಿಗೆಗಳ ಕೆಳಗೆ ಕೈ ಕೊಟ್ಟು ಕೂಸನ್ನು ಇಸಿದುಕೊಂಡರು. “ಗಾಡಿ,” ಅಂದರು, “ಲಗೂನ ಗಾಡಿ.” ಊರಿನಲ್ಲಿ ಆ ಹೊತ್ತಿಗೆ ಸಿದ್ಧವಿದ್ದದ್ದು ಅಧಿಕಾರಿಯ ಕಾರೊಂದೇ. ಹಾರ ಹಾಕಿದ ಆ ಕಾರಿನಲ್ಲೇ ನಮ್ಮೂರಿನ ದೊಡ್ಡಾಸ್ಪತ್ರೆಗೆ ಹೋದೆವು. ನಮ್ಮ ಊರಿಗೆ ಆ ಪ್ರಶಸ್ತಿಯಿಂದ ಆದ ಉಪಕಾರ ಅದೊಂದೇ.

ಡಾಕ್ಟರು ನೋಡಿ ಹೊರಗೆ ಬಂದು ಕೇಳಿದರು: “ಏನಾಯ್ತು? ನಿಜ ಹೇಳಿ, ಅದರ ಮೇಲೆ ಚಿಕಿತ್ಸೆ ನಿಂತಿದೆ.”

ನನ್ನ ಬಾಯಿ ತಾನೇ ತೆರೆಯಿತು. “ತೊಟ್ಟಿಲದಿಂದ ಬಿತ್ರಿ,” ಅಂದೆ. ಇಷ್ಟೆಲ್ಲ ಆದ ಮೇಲೂ ಅಂದೆ. ಮಾರ್ಕೆಟ್ಟಿನಲ್ಲಿ ಊರಿಗೆಲ್ಲ ಸತ್ಯ ಹೇಳಿದ ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಮನೆಯ ಮರ್ಯಾದೆ ಎಣಿಸುತ್ತ ನಿಂತೆ.

“ಬಿದ್ದಿಲ್ರಿ,” ಅಂದ ಫಕೀರೇಶ. “ನಾ ಝಾಡಿಸೇನಿ. ಹಿಂಗ ಹಿಡದು, ನಾಕ ಸಲ.” ಕೈ ಎತ್ತಿ ಹೇಗೆಂದು ತೋರಿಸಲು ಹೋಗಿ, ಅರ್ಧಕ್ಕೆ ನಿಲ್ಲಿಸಿ, ಗೋಡೆಗೆ ಒರಗಿ ಕೆಳಗೆ ಕೂತುಬಿಟ್ಟ. ಝಾಡಿಸು ಎಂದು ಹೇಳಿದ್ದು ಯಾರು ಎಂದು ಅವನು ಹೇಳಲಿಲ್ಲ. ಹೇಳಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ. ಕೊನೆಗೆ ನಾನೇ ಹೇಳಿದೆ. ಡಾಕ್ಟರು ಇಬ್ಬರನ್ನೂ ಬೈಯಲಿಲ್ಲ, ಒಳಗೆ ಓಡಿದರು. ಮಿದುಳಿನ ಸುತ್ತ ರಕ್ತ ಇಳಿದಿತ್ತು, ಬಲಗಣ್ಣಿನ ಒಳಗೂ ಇಳಿದಿತ್ತು. ಉಳಿಯುತ್ತದೋ ಇಲ್ಲವೋ ಎಂದು ಎರಡು ದಿನ ಯಾರೂ ಹೇಳಲಿಲ್ಲ. ಪೊಲೀಸರು ಬಂದು ನಮ್ಮಿಬ್ಬರ ಹೇಳಿಕೆ ಬರೆದುಕೊಂಡರು. ಬರೆದುಕೊಂಡ ಹವಾಲ್ದಾರನ ಮನೆಯ ಮೇಲೂ ತಗಡಿನ ಫಲಕವಿದೆ. ಝಾಡಿಸಿದ್ದು ಎಂಬ ಮಾತನ್ನು ಅವನು ಬರೆದು, ಹೊಡೆದುಹಾಕಿ, ಮತ್ತೆ ಬರೆದ.

ಊರಿನಲ್ಲಿ ಏನಾಯಿತೆಂದರೆ, ಆ ಸಂಜೆ ಭೋಂಗಾ ಇಲ್ಲದೆಯೇ ಏಳಕ್ಕೆ ಕೂಸುಗಳು ಸುಮ್ಮನಾದವು, ಕಟ್ಟೆಯ ಮೇಲೆ ಕೂತವರೆಲ್ಲ ಅದನ್ನು ತಮ್ಮ ಕಿವಿಯಿಂದ ಕೇಳಿದರು. ಪುರಸಭೆ ತುರ್ತು ಸಭೆ ಕರೆದು ನನ್ನನ್ನು ಅಮಾನತು ಮಾಡಿತು. ಕಾರಣ: ಅಧ್ಯಕ್ಷರ ಕೈಯಿಂದ ಮೈಕು ಕಿತ್ತುಕೊಂಡದ್ದು. ಪ್ರಶಸ್ತಿ ಪತ್ರ ಮೊದಲೇ ಅಚ್ಚಾಗಿದ್ದರಿಂದ ಅದನ್ನು ಅಂಚೆಯಲ್ಲಿ ಕಳಿಸಿಕೊಟ್ಟರು. ಔಷಧದ ಅಂಗಡಿಯವರು ಬಾಟಲಿಯ ಚೀಟಿ ಬದಲಿಸಿದರು: ಕೂಸನ್ನು ಮಲಗಿಸಿ ಹೊರಗೆ ಕೂತವರು ಕುಡಿಯತಕ್ಕದ್ದು.

ಇದನ್ನೆಲ್ಲ ಆಸ್ಪತ್ರೆಗೆ ಬಂದವರು ಹೇಳಿದರು. ನಮಗೆ ಅಲ್ಲಿ ಒಂದೇ ಲೆಕ್ಕ. ನಾಲ್ಕು ಗಂಟೆ.

ಮೊದಲ ದಿನ ನಾಲ್ಕು ಹೊಡೆದಾಗ ಮಕ್ಕಳ ವಾರ್ಡಿನ ಕೂಸುಗಳೆಲ್ಲ ಒಟ್ಟಿಗೆ ಬಾಯಿ ತೆರೆದವು. ನೀಲವ್ವ ಗಾಜಿನ ಆಚೆ ನಳಿಕೆಗಳ ನಡುವೆ ಮಲಗಿದ್ದಳು, ತುಟಿ ಕೂಡ ಅಲುಗಲಿಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನ ಮೂರೂವರೆಯಿಂದಲೇ ನಾವು ಮೂವರೂ ಗಾಜಿಗೆ ಮುಖ ಹಚ್ಚಿ ನಿಂತೆವು. ನಾಲ್ಕಾಯಿತು, ಐದಾಯಿತು, ಏಳಾಯಿತು. ಇಡೀ ಊರಿನಲ್ಲಿ ನಮ್ಮದೊಂದೇ ಶಾಂತವಾದ ಕೂಸು. ನಾಲ್ಕನೇ ದಿನ ಉಸಿರಿನ ಯಂತ್ರ ತೆಗೆದು ತಾನೇ ಉಸಿರಾಡಲು ಬಿಟ್ಟರು. ಒಳಗೆ ಬಿಟ್ಟರೂ ಫಕೀರೇಶ ಕೂಸಿನ ಹತ್ತಿರ ಹೋಗುತ್ತಿರಲಿಲ್ಲ, ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ದೂರದಲ್ಲೇ ನಿಲ್ಲುತ್ತಿದ್ದ. ಕಸ್ತೂರಿ ಅವನೊಂದಿಗೆ ಮಾತಾಡಲಿಲ್ಲ. ನನ್ನೊಂದಿಗೂ ಇಲ್ಲ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಒಂಬತ್ತನೇ ದಿನ ನೀಲವ್ವನನ್ನು ದೊಡ್ಡವರು ಮಕ್ಕಳು ಎಲ್ಲ ಒಟ್ಟಿಗೇ ಇರುವ ಸಾಮಾನ್ಯ ವಾರ್ಡಿಗೆ ತಂದರು. ಬಲಗಣ್ಣಿನ ದೃಷ್ಟಿಯ ಬಗ್ಗೆ ಈಗಲೇ ಏನೂ ಹೇಳಲಾಗದು, ಕೂರುವುದು ನಡೆಯುವುದು ಹೇಗೋ ದೊಡ್ಡದಾಗುತ್ತ ನೋಡಬೇಕು ಅಂದರು ಡಾಕ್ಟರು. ನಾಲ್ಕು ಹೊಡೆಯಿತು. ಸುತ್ತಲಿನ ಕೂಸುಗಳು ಶುರು ಮಾಡಿದವು. ನೀಲವ್ವನ ಗಲ್ಲ ನಡುಗಿತು. ನಾಲ್ಕೂ ಐದಕ್ಕೆ ಕೆಳತುಟಿ ಮುಂದೆ ಬಂತು. ಆಮೇಲೆ ಬೆಕ್ಕಿನ ಮರಿಯಂಥ ಒಂದು ಸಣ್ಣ ದನಿ, ಅದರ ಹಿಂದೆಯೇ ಇನ್ನೊಂದು, ಆಮೇಲೆ ಬಾಯಿ ಪೂರ್ತಿ ತೆರೆದು ಕೆಂಪಾಗಿ ಕಿರುಚಿ ಅತ್ತಳು. ಕಸ್ತೂರಿ ಮಂಚದ ಕಂಬಿ ಹಿಡಿದುಕೊಂಡು ಅವಳ ಜೊತೆಯೇ ಅತ್ತಳು. ಬಾಗಿಲ ಹತ್ತಿರ ನಿಂತಿದ್ದ ಫಕೀರೇಶನ ಭುಜ ಅಲುಗಾಡುತ್ತಿತ್ತು. ನಾನು ಕಣ್ಣು ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

ಪಕ್ಕದ ಮಂಚದಲ್ಲಿ ಒಬ್ಬರು ಹೊಸಬರು ಮಲಗಿದ್ದರು, ಬೇರೆ ಊರಿನವರು, ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡಿದ್ದರು. ಅರ್ಧ ಗಂಟೆ ತಡೆದುಕೊಂಡು, ಕೊನೆಗೆ ಕಿವಿ ಮುಚ್ಚಿಕೊಂಡು ನನ್ನ ಕಡೆ ತಿರುಗಿದರು.

“ಅಜ್ಜಾರ, ಆ ಕೂಸಿನ ಬಾಯಿ ಒಂದಿಷ್ಟು ಮುಚ್ಚಸ್ರಲಾ.”

“ಅಳಲಿ ಬಿಡ್ರಿ,” ಅಂದೆ. “ಇನ್ನೂ ಎರಡೂವರಿ ತಾಸು ಐತಿ.”